ಫಾರೆಸ್ಟ್ ಎಂದರೆ ಯಾವ ಫಾರೆಸ್ಟ್?

ಮಲೆನಾಡಿನ ಆಡುಮಾತಿನಲ್ಲಿ ‘ಫಾರೆಸ್ಟ್’ ಎಂಬ ಇಂಗ್ಲಿಷ್ ಪದವು ಕನ್ನಡದ್ದೇ ಆಗಿಹೋಗಿದೆ. ‘ಫಾರೆಸ್ಟಿನವರು ಬಂದಿದ್ದರು’ ಎಂದರೆ ಅದು ಇಲಾಖೆ. ‘ಆ ಸರ್ವೆ ನಂಬರು ಫಾರೆಸ್ಟ್ ಆಗಿದೆ’ ಎಂದರೆ ಅದು ಕಡತದ ಒಂದು ನಮೂದು; ನೆಲದ ಮೇಲೆ ಒಂದು ಮರವೂ ಇಲ್ಲದಿರಬಹುದು. ‘ಗುಡ್ಡಕ್ಕೆ ಫಾರೆಸ್ಟ್ ಹಾಕಿದ್ದಾರೆ’ ಎಂದರೆ ಸಾಲು ಹಿಡಿದು ನೆಟ್ಟ ಅಕೇಶಿಯಾ. ಹುಲಿ, ಸಿಂಗಳೀಕ, ಹೊಳೆಯ ಮೂಲಗಳಿರುವ ನಿಜವಾದ ಕಾಡಿಗೆ ನಮ್ಮ ಹಿರಿಯರು ಈ ಪದವನ್ನು ಬಳಸುವುದೇ ಕಡಿಮೆ.

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ಸಹಜ ಗುಣ. ಆದರೆ ಈ ಪದದ ಯಾವ ಅರ್ಥ ಯಾವ ಕಡತದಲ್ಲಿ ಕುಳಿತಿದೆ ಎಂಬುದರ ಮೇಲೆ ಒಂದು ಊರಿನ ಸೊಪ್ಪು, ಸೌದೆ, ಮೇವು ನಿಂತಿದೆ. ಆದ್ದರಿಂದ ಇದು ಕೇವಲ ಭಾಷಾಶಾಸ್ತ್ರದ ವಿಷಯವಲ್ಲ.

ಈ ಪದದ ತವರಿನಲ್ಲಿಯೂ ಅದಕ್ಕೆ ಮೊದಲು ಮರದ ಅರ್ಥವಿರಲಿಲ್ಲ. ಅದರ ಬೇರು ‘ಹೊರಗೆ’ ಎಂಬರ್ಥದ ಲ್ಯಾಟಿನ್ ಪದದಲ್ಲಿದೆ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 1066ರ ನಂತರ ಇಂಗ್ಲೆಂಡನ್ನು ಆಳಿದ ನಾರ್ಮನ್ ದೊರೆಗಳು ತಮ್ಮ ಬೇಟೆಗೆಂದು ಮೀಸಲಿಟ್ಟು, ಪ್ರತ್ಯೇಕ ಕಾನೂನಿಗೆ ಒಳಪಡಿಸಿದ ನೆಲವೇ ‘ಫಾರೆಸ್ಟ್’. ಅದರೊಳಗೆ ಹುಲ್ಲುಗಾವಲಿತ್ತು, ಹೊಲಗಳಿದ್ದವು, ಇಡೀ ಹಳ್ಳಿಗಳೇ ಇದ್ದವು. ಆ ಹಳ್ಳಿಗರು ಸೌದೆ ತಂದರೂ ದಂಡ. ಅವರ ಮೇವು, ಸೌದೆಯ ಹಕ್ಕುಗಳನ್ನು ಒಪ್ಪಿಕೊಂಡ ‘ಅರಣ್ಯ ಸನ್ನದು’ ಹೊರಬಿದ್ದದ್ದು 1217ರಲ್ಲಿ. ಸ್ಕಾಟ್ಲೆಂಡಿನಲ್ಲಿ ಇಂದಿಗೂ ಮರವೇ ಇಲ್ಲದ ಜಿಂಕೆ ಬೇಟೆಯ ಬೆಟ್ಟಗಳಿಗೆ ‘ಫಾರೆಸ್ಟ್’ ಎಂಬ ಹೆಸರಿದೆ. ನಮ್ಮ ‘ಅರಣ್ಯ’ವೂ ಹೀಗೆಯೇ, ದೂರದ್ದು, ಪರಕೀಯವಾದದ್ದು ಎಂಬರ್ಥದ ಸಂಸ್ಕೃತ ಮೂಲದಿಂದ ಬಂದುದು. ಊರಿನೊಳಗೆ ಕುಳಿತವರು ಹೊರಗಿನದಕ್ಕೆ ಇಟ್ಟ ಹೆಸರುಗಳಿವು.

ಬ್ರಿಟಿಷರು 1865, 1878 ಮತ್ತು 1927ರಲ್ಲಿ ಇಲ್ಲಿಗೆ ತಂದ ಅರಣ್ಯ ಕಾನೂನುಗಳ ಹಿಂದೆಯೂ ಮೀಸಲಿಡುವ ಆ ಹಳೆಯ ಅರ್ಥವೇ ಇತ್ತು. ದನ ಎಂದರೇನು, ಮರ ಎಂದರೇನು, ನಾಟಾ ಎಂದರೇನು ಎಂದು ವ್ಯಾಖ್ಯಾನಿಸುವ 1927ರ ಕಾಯಿದೆ, ಅರಣ್ಯ ಎಂದರೇನೆಂದು ಹೇಳುವುದಿಲ್ಲ! 1980ರ ಅರಣ್ಯ ಸಂರಕ್ಷಣಾ ಕಾಯಿದೆಯೂ ಹೇಳಲಿಲ್ಲ. ಸರ್ಕಾರ ಯಾವುದನ್ನು ಅರಣ್ಯವೆಂದು ಬರೆದುಕೊಂಡಿತೋ ಅದೇ ಅರಣ್ಯ.

ನೀಲಗಿರಿಯ ಗೂಡಲೂರು ಭಾಗದ ಮರಗಳ ಕಡಿತದಿಂದ ಆರಂಭವಾದ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ಆ ಕೊರತೆಯನ್ನು ತುಂಬಿತು. ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿಯೇ ಗ್ರಹಿಸಬೇಕು, ಮಾಲೀಕತ್ವ ಯಾರದೇ ಇರಲಿ ಎಂದಿತು. ಕಾಡಿನ ದೃಷ್ಟಿಯಿಂದ ಅದು ದೊಡ್ಡ ರಕ್ಷಣೆ. ಆದರೆ ಅದು ಇಂಗ್ಲಿಷ್ ಪದದ ನಿಘಂಟು. ಅದರಲ್ಲಿ ಕಾನು ಇಲ್ಲ, ಸೊಪ್ಪಿನಬೆಟ್ಟ ಇಲ್ಲ.

ಕರ್ನಾಟಕದಲ್ಲಿ ಇದರ ಪರಿಣಾಮವಾಗಿ ಹುಟ್ಟಿದ್ದೇ ‘ಡೀಮ್ಡ್ ಫಾರೆಸ್ಟ್’. ಕಡತದ ಕನ್ನಡದಲ್ಲಿ ‘ಪರಿಭಾವಿತ ಅರಣ್ಯ’. ಮೊದಲು ಸುಮಾರು 9.94 ಲಕ್ಷ ಹೆಕ್ಟೇರನ್ನು ಹೀಗೆ ಪಟ್ಟಿಮಾಡಲಾಯಿತು. 2022ರಲ್ಲಿ ಅದು 3.30 ಲಕ್ಷಕ್ಕೆ ಇಳಿಯಿತು. ಹೆಸರು ಹೋದದ್ದಕ್ಕೆ ನಮ್ಮ ಎಷ್ಟೋ ಊರುಗಳು ಹಿಗ್ಗಿದವು. ಸಾಗುವಳಿ ಮಾಡಿ ಬದುಕುತ್ತಿದ್ದವರ ನೆಮ್ಮದಿ ಅರ್ಥವಾಗುವಂಥದ್ದೇ. ಆದರೆ ಪಟ್ಟಿಯಿಂದ ಹೊರಬಂದದ್ದು ಸಾಗುವಳಿ ಭೂಮಿ ಮಾತ್ರವೇ? ಯಾವ ಸರ್ವೆ ನಂಬರಿನ ನೆಲ ಯಾರ ಕೈಗೆ ಹೋಗಲಿದೆ ಎಂದು ವಿಚಾರಿಸಿದ ಗ್ರಾಮಸಭೆಗಳೆಷ್ಟು? ಫಾರೆಸ್ಟ್ ಅಲ್ಲವೆಂದಾದ ಗುಡ್ಡದ ಮೇಲೆ ಕಲ್ಲುಗಣಿಗೂ ರೆಸಾರ್ಟಿಗೂ ಕಣ್ಣು ಬೀಳುವುದು ಸುಲಭ.

2023ರ ತಿದ್ದುಪಡಿಯು ಅರ್ಥವನ್ನು ಮತ್ತೆ ಕುಗ್ಗಿಸಿತು. ಅಧಿಸೂಚನೆಯಾದ ಅರಣ್ಯ ಮತ್ತು 1980ರ ಅಕ್ಟೋಬರ್ 25ರಿಂದೀಚೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿರುವ ಭೂಮಿಗೆ ಮಾತ್ರ ಕಾಯಿದೆ ಅನ್ವಯ ಎಂದಿತು. 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸದ್ಯಕ್ಕೆ 1996ರ ನಿಘಂಟಿನ ಅರ್ಥವನ್ನೇ ಪಾಲಿಸಿರೆಂದು ಮಧ್ಯಂತರ ಆದೇಶ ನೀಡಿತು.

ಇನ್ನು ಲೆಕ್ಕದ ಫಾರೆಸ್ಟ್ ಬೇರೆಯೇ ಇದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯು ಉಪಗ್ರಹ ಚಿತ್ರ ನೋಡಿ, ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ ಜಾಗದಲ್ಲಿ ಶೇಕಡಾ 10ರಷ್ಟು ಮರದ ನೆರಳಿದ್ದರೆ ಅದನ್ನು ಅರಣ್ಯ ಹೊದಿಕೆಯೆನ್ನುತ್ತದೆ. ಮಾಲೀಕರು ಯಾರು, ಮರ ಯಾವುದು ಎಂದು ಕೇಳುವುದಿಲ್ಲ. ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದರೋ ಮರಗಳ ಕೆಳಗೆ ಬೆಳೆ ತೆಗೆಯುವ ತೋಟವನ್ನು ಅರಣ್ಯದಿಂದ ಹೊರಗಿಡುತ್ತದೆ. ಹೀಗಾಗಿ ಕೊಡಗಿನ ಒಂದೇ ಕಾಫಿ ತೋಟ ಡೆಹ್ರಾಡೂನಿಗೆ ಕಾಡು, ರೋಮಿಗೆ ತೋಟ, ಅದರ ಮಾಲೀಕರಿಗೆ ಕೃಷಿಭೂಮಿ. ದೇಶದ ಶೇಕಡಾ 21.76 ಭಾಗ ಅರಣ್ಯವೆಂದು 2023ರ ಸಮೀಕ್ಷಾ ವರದಿ ಹೇಳುವಾಗ, ಆ ಅಂಕಿಯಲ್ಲಿ ನಮ್ಮ ಅಕೇಶಿಯಾ, ನೀಲಗಿರಿ, ರಬ್ಬರುಗಳೂ ಸೇರಿರುತ್ತವೆ. ಶೋಲೆ ಕಾಡು ಕರಗಿ ನೆಡುತೋಪು ಹಬ್ಬಿದರೂ ಅಂಕಿ ಅಲುಗದಿರಬಹುದು. ವಿದ್ಯಾರ್ಥಿ ಮಿತ್ರರು ಪತ್ರಿಕೆಗಳಲ್ಲಿ ‘ಅರಣ್ಯ ಹೆಚ್ಚಳ’ ಎಂಬ ಸುದ್ದಿ ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ನಮ್ಮ ಪದಗಳು ಹೀಗಿರಲಿಲ್ಲ. ಉತ್ತರ ಕನ್ನಡದ ಸೊಪ್ಪಿನಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ಕೊಡುವ ನೆಲ. ಕಡಿದು ಮಾರುವ ಅಧಿಕಾರ ಅದರಲ್ಲಿ ಸೇರಿಲ್ಲ. ಸೊರಬ, ಸಾಗರಗಳ ಕಾನು ಎಂದರೆ ಮೆಣಸಿನ ಬಳ್ಳಿ, ಬೈನೆ ಮರ, ನೀರಿನ ಸೆಲೆಗಳಿರುವ, ಊರೇ ಕಾಪಾಡಿದ ದಟ್ಟ ಹಸಿರು ಕಾಡು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಮತ್ತು ದೇವರಕಾಡು, ಎಲ್ಲೆಡೆಯ ಹಾಡಿ — ಪ್ರತಿಯೊಂದು ಹೆಸರಿನಲ್ಲೂ ಯಾರು, ಏನನ್ನು, ಎಷ್ಟರ ಮಟ್ಟಿಗೆ ಬಳಸಬಹುದು ಎಂಬ ಕಟ್ಟಳೆ ಅಡಗಿದೆ. ಇವೆಲ್ಲವನ್ನೂ ‘ಫಾರೆಸ್ಟ್’ ಎಂದು ಕರೆದ ದಿನ ಆ ಕಟ್ಟಳೆಗಳು ಅಳಿಸಿಹೋದವು. (ಹಾಗೆಂದು ಆ ಕಟ್ಟಳೆಗಳೆಲ್ಲ ನ್ಯಾಯವಾಗಿದ್ದವೆಂದಲ್ಲ. ಬೆಟ್ಟದ ಸವಲತ್ತು ತೋಟವಿದ್ದವರಿಗೆ ಮಾತ್ರವಿತ್ತು, ಕೂಲಿಯವರಿಗಲ್ಲ.)

ಹಾಗಾದರೆ ಆ ಇಂಗ್ಲಿಷ್ ಪದವನ್ನು ಓಡಿಸಬೇಕೇ? ಬೇಡ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅದೇ ಪದ ನಮ್ಮ ಪರವಾಗಿಯೂ ನಿಂತಿದೆ. ಆ ಕಾಯಿದೆಯ ‘ಅರಣ್ಯ ಭೂಮಿ’ಯಲ್ಲಿ ಮೀಸಲು ಅರಣ್ಯ, ಅಭಯಾರಣ್ಯಗಳ ಜೊತೆಗೆ ಪರಿಭಾವಿತ ಅರಣ್ಯವೂ ಸೇರಿದೆ. ಅಂದರೆ ಒಂದು ಗುಡ್ಡ ಫಾರೆಸ್ಟ್ ಎನಿಸಿಕೊಂಡಿದ್ದರಿಂದಲೇ ಅದರ ಮೇಲೆ ಊರಿನವರು ಸಮುದಾಯ ಹಕ್ಕು ಕೇಳಬಹುದು. ಪರಿಶಿಷ್ಟ ಪಂಗಡಗಳಿಗೆ ಸೇರದವರು ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕೆಂಬ ನಿಬಂಧನೆ ಕಠಿಣವಾದುದು ನಿಜ. ನಮ್ಮ ಜನ ವೈಯಕ್ತಿಕ ಅರ್ಜಿಗಳ ಹಿಂದೆಯೇ ಓಡಿದರು, ಅವುಗಳಲ್ಲಿ ಬಹುಪಾಲು ತಿರಸ್ಕೃತವಾದವು. ಸಮುದಾಯ ಹಕ್ಕಿನ ನಮೂನೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲದ ನಮೂನೆ ‘ಸಿ’ಗಳನ್ನು ಕೇಳಿದವರು ವಿರಳ.

ಮುಂದಿನ ಗ್ರಾಮಸಭೆಯಲ್ಲಿ ‘ನಮ್ಮೂರ ಫಾರೆಸ್ಟ್’ ಎಂಬ ಒಂದೇ ಸಾಲಿನ ಠರಾವು ಬೇಡ. ಪ್ರತಿ ಸರ್ವೆ ನಂಬರಿನ ಎದುರು ಕಾನೋ, ಬೆಟ್ಟವೋ, ಹಾಡಿಯೋ, ನೆಡುತೋಪೋ ಎಂಬುದನ್ನು, ಅಲ್ಲಿಂದ ಯಾವ ಕೇರಿಯವರು ಏನು ತರುತ್ತಾರೆಂಬುದನ್ನು ಬರೆಸಿರಿ. ತೋಟವಿಲ್ಲದ ಮನೆಗಳ ಸೌದೆ, ದರಕನ್ನೂ ಬಿಡದೆ ಬರೆಸಿರಿ. ಅಧಿಕಾರಿಗಳು ಬಂದು ‘ಇದು ಫಾರೆಸ್ಟ್’ ಎಂದರೂ, ಗುತ್ತಿಗೆದಾರರು ಬಂದು ‘ಇದು ಫಾರೆಸ್ಟ್ ಅಲ್ಲ’ ಎಂದರೂ ಯಾವ ಕಾಯಿದೆಯ, ಯಾವ ವರ್ಷದ ಪಟ್ಟಿಯ ಪ್ರಕಾರ ಎಂದು ಲಿಖಿತವಾಗಿ ಕೇಳಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.