ಕೋಷ್ಟಕವೋ, ಒಂದೇ ಸಾಲೋ?

ಪ್ರಯೋಗ ಪರೀಕ್ಷೆಗೆ ಬಂದ ವಿದ್ಯಾರ್ಥಿಯೊಬ್ಬನನ್ನು, ಗಣಕಯಂತ್ರದ ಭಾಷೆಯಲ್ಲಿ ಎರಡು ಆಯಾಮದ ಸರಣಿಯೆಂದರೇನೆಂದು ಕೇಳಿ ನೋಡಿ. ತಡವರಿಸದೆ ಹಾಳೆಯ ಮೇಲೆ ಕೋಷ್ಟಕವೊಂದನ್ನು ಬರೆದು ತೋರಿಸುತ್ತಾನೆ. ಮೂರು ಆಯಾಮವೆಂದರೆ ಕೋಷ್ಟಕಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ನಾಲ್ಕು ಎಂದೊಡನೆ ಮೌನ. ಈ ಮೌನಕ್ಕಾಗಿ ಅವನನ್ನು ಹಳಿಯುವುದು ನ್ಯಾಯವಲ್ಲ. ಕಲಿಸಿದ ನಾವೇ ಅದಕ್ಕೆ ಹೊಣೆಗಾರರೆಂದು ನನ್ನ ಅಭಿಪ್ರಾಯ.

ಗಣಕಯಂತ್ರದ ಸ್ಮೃತಿಯಲ್ಲಿ ಕೋಷ್ಟಕವೆಂಬುದೇ ಇಲ್ಲ. ನಮ್ಮ ಕ್ರಮವಿಧಿಗೆ ಅದು ಕಾಣುವುದು, ಒಂದೇ ಪಕ್ಕದಲ್ಲಿ ಮನೆಗಳಿರುವ ಬಹು ಉದ್ದನೆಯ ಬೀದಿಯಂತೆ. ಪ್ರತಿ ಮನೆಗೂ ಒಂದೇ ಒಂದು ಬಾಗಿಲು ಸಂಖ್ಯೆ. ಹಾಗಾದರೆ ಮೂರು ಸೂಚ್ಯಂಕಗಳನ್ನು ಕೊಟ್ಟಾಗ ಯಂತ್ರವು ಆ ಒಂದು ಸಂಖ್ಯೆಯನ್ನು ಹೇಗೆ ಕಂಡುಕೊಳ್ಳುತ್ತದೆ?

ಹವೆಯ ಉಷ್ಣತೆಯನ್ನು ಒಂದು ವಾರ ಕಾಲ ನಿಮಿಷಕ್ಕೊಮ್ಮೆ ಬರೆದಿಟ್ಟೆವೆನ್ನಿ. ದಿನ, ಗಂಟೆ, ನಿಮಿಷ ಇವು ಮೂರು ಆಯಾಮಗಳು. ಅವುಗಳ ಅಳತೆ 7, 24, 60. ಒಟ್ಟು 10,080 ಸಂಖ್ಯೆಗಳು. ಸಿ ಭಾಷೆಯಲ್ಲಿರುವಂತೆ ಎಣಿಕೆಯನ್ನು ಸೊನ್ನೆಯಿಂದ ಪ್ರಾರಂಭಿಸಿದರೆ, 2ನೆಯ ದಿನದ 5ನೆಯ ಗಂಟೆಯ 10ನೆಯ ನಿಮಿಷದ ಉಷ್ಣತೆ ಎಷ್ಟನೆಯ ಮನೆಯಲ್ಲಿದೆ? 2 ದಿನ 5 ಗಂಟೆಯೆಂದರೆ 53 ಗಂಟೆ; 53ನ್ನು 60ರಿಂದ ಗುಣಿಸಿ 10ನ್ನು ಕೂಡಿದರೆ 3,190. ಯಂತ್ರವು ಮಾಡುವುದೂ ಇಷ್ಟೇ, ಪ್ರಾಥಮಿಕ ಶಾಲೆಯ ಲೆಕ್ಕ!

ಈ ಲೆಕ್ಕದಲ್ಲಿ 24 ಮತ್ತು 60 ಬಂದುವು. 7 ಬರಲೇ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಸರಣಿಯನ್ನು ಫಂಕ್ಷನ್ನಿಗೆ ಒಪ್ಪಿಸುವಾಗ ಮೊದಲ ಆಯಾಮದ ಅಳತೆಯನ್ನು ಬಿಡಬಹುದು, ಉಳಿದವನ್ನು ಬಿಡಕೂಡದು ಎಂಬ ಸಿ ಭಾಷೆಯ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಉರುಹೊಡೆಯುತ್ತಾರೆ. ಅದರ ಕಾರಣ ಇಲ್ಲಿದೆ. ಪರೀಕ್ಷೆಯಲ್ಲಿ ಕಾರಣವನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಭಾಷೆಯೇ ಇದನ್ನೆಲ್ಲ ಮರೆಮಾಡಿ ಉಪಕಾರ ಮಾಡಿರುವಾಗ ಕಲಿಯುವವನಿಗೇಕೆ ಈ ಹೊರೆ ಎಂದು ಕೇಳುವವರುಂಟು. ಎರಡು ಸರಣಿಗಳನ್ನು ಕೂಡುವಷ್ಟೇ ಕೆಲಸವಾದರೆ ಅವರ ಮಾತು ಸರಿ. ಆದರೆ ಮನೆಗಳನ್ನು ತುಂಬುವ ಕ್ರಮದಲ್ಲಿ ಭಾಷೆಗಳಿಗೆ ಒಮ್ಮತವಿಲ್ಲ. ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಹೊರತಂದ ಫೋರ್ಟ್ರಾನ್, ಕಂಬಸಾಲುಗಳನ್ನು ಒಂದಾದ ಮೇಲೊಂದರಂತೆ ಇಡುತ್ತದೆ. ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ, ಅಡ್ಡಸಾಲುಗಳನ್ನು ಹಾಗೆ ಇಡುತ್ತದೆ. ಪೈಥಾನಿನ ನಂಪೈ ಬೇರೆ ಹೇಳದಿದ್ದರೆ ಸಿ ಪದ್ಧತಿಯನ್ನೇ ಅನುಸರಿಸುತ್ತದೆ.

ಇದರಿಂದ ನಾನೇ ಒಮ್ಮೆ ಮೋಸಹೋದೆ. ಚೌಕವಾದ ಲೋಹದ ತಗಡಿನಲ್ಲಿ ಶಾಖ ಹರಡುವ ಲೆಕ್ಕವನ್ನು ಫೋರ್ಟ್ರಾನಿನಲ್ಲಿ ಮಾಡಿ, 100 × 100 ಸಂಖ್ಯೆಗಳನ್ನು ಇದ್ದ ಕ್ರಮದಲ್ಲೇ ಕಡತಕ್ಕೆ ಬರೆದು, ನಂಪೈಯಿಂದ ಓದಿ ಚಿತ್ರ ತೆಗೆದೆ. ಲೆಕ್ಕದಲ್ಲಿ ಕಾಯಿಸಿದ್ದುದು ಎಡ ಅಂಚನ್ನು. ಚಿತ್ರದಲ್ಲಿ ಕೆಂಪಾಗಿದ್ದುದು ಮೇಲಿನ ಅಂಚು! ದೋಷಸೂಚನೆ ಒಂದೂ ಇಲ್ಲ. ಭೌತಶಾಸ್ತ್ರದ ಸಮೀಕರಣವನ್ನೇ ಸಂದೇಹಿಸಿ ಎರಡು ದಿನ ಕಳೆದೆ. ಅಕಸ್ಮಾತ್ ಎಡದ ಮತ್ತು ಮೇಲಿನ ಅಂಚುಗಳೆರಡನ್ನೂ ಸಮನಾಗಿ ಕಾಯಿಸಿದ್ದರೆ, ತಪ್ಪು ಆ ಸಲ ಹೊರಬೀಳದೆ ಮುಂದಿನ ಲೆಕ್ಕದಲ್ಲಿ ಅಡಗಿ ಕುಳಿತಿರುತ್ತಿತ್ತು.

ವೇಗಕ್ಕೂ ಇದೇ ಮೂಲ. ಇಂದಿನ ಸಾಮಾನ್ಯ ಸಂಸ್ಕಾರಕಗಳು ಸ್ಮೃತಿಯಿಂದ ಒಂದೊಂದೇ ಸಂಖ್ಯೆಯನ್ನು ತರುವುದಿಲ್ಲ. 64 ಬೈಟುಗಳನ್ನು, ಎಂದರೆ 8 ಬೈಟಿನ ಎಂಟು ಸಂಖ್ಯೆಗಳನ್ನು, ಒಟ್ಟಿಗೆ ಹೊತ್ತು ತರುತ್ತವೆ. ಬೀದಿಯ ಕ್ರಮದಲ್ಲಿ ನಡೆದರೆ ಎಂಟೂ ಉಪಯೋಗಕ್ಕೆ ಬರುತ್ತವೆ. ದೊಡ್ಡ ಸರಣಿಯಲ್ಲಿ ಅಡ್ಡಡ್ಡ ಹಾರಿದರೆ ಅನೇಕ ವೇಳೆ ಏಳು ವ್ಯರ್ಥವಾಗಿ ಹೋಗುತ್ತವೆ.

ಆದುದರಿಂದ ಮೊದಲ ಪಾಠದಲ್ಲಿ ಕೋಷ್ಟಕವನ್ನು ಬರೆಯುವುದೇ ಬೇಡ. ಹನ್ನೆರಡು ಮನೆಗಳ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟು, 3 ಅಡ್ಡಸಾಲು 4 ಕಂಬಸಾಲುಗಳ ಸರಣಿಯನ್ನು ಎರಡು ಪದ್ಧತಿಯಲ್ಲೂ ತುಂಬಿಸಬೇಕು. ಸೊನ್ನೆಯಿಂದ ಎಣಿಸಿದಾಗ 2ನೆಯ ಅಡ್ಡಸಾಲು, 1ನೆಯ ಕಂಬಸಾಲಿನ ಸಂಖ್ಯೆ ಸಿ ಪದ್ಧತಿಯಲ್ಲಿ 9ನೆಯ ಮನೆಗೂ ಫೋರ್ಟ್ರಾನ್ ಪದ್ಧತಿಯಲ್ಲಿ 5ನೆಯ ಮನೆಗೂ ಹೋಗುವುದನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಕಾಣಲಿ. ಬಳಿಕ ನಾಲ್ಕನೆಯ ಆಯಾಮವನ್ನು ಕೇಳೋಣ. ಉಷ್ಣತೆಯ ಸರಣಿಗೆ ವಾರವನ್ನು ಸೇರಿಸಿದರಾಯಿತು: 1ನೆಯ ವಾರದ 2ನೆಯ ದಿನವೆಂದರೆ 9 ದಿನ, 9 ದಿನ 5 ಗಂಟೆಗೆ 221 ಗಂಟೆ, 10 ನಿಮಿಷ ಸೇರಿ 13,270ನೆಯ ಮನೆ. ಈ ಸಲ 7 ಕೂಡ ಲೆಕ್ಕದೊಳಕ್ಕೆ ಬಂದಿತು.