ಮೂರು ವರ್ಷದ ಕೂಸಿಗೆ ಪಾಟಿ ಯಾಕ್ರಿ?

ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ಒಂದನೇ ತರಗತಿಯ ಲೆಕ್ಕವೇ ಮುಂದೆ ಬರುತ್ತದೆ. ಈ ಜೂನ್‌ದಾಗ ಎಷ್ಟು ಮಕ್ಕಳು ಬಂದವು, ಎಷ್ಟು ಹೋದವು, ಯಾವ ಶಾಲೆಗೆ ಹೋದವು... ಈ ಲೆಕ್ಕವೇ ತಡವಾದದ್ದು ಅಂತ ನಾವು ಹೇಳುತ್ತೇವೆ. ಮಗು ಕನ್ನಡ ಶಾಲೆಯ ಕೈ ತಪ್ಪುವುದು ಆರನೇ ವಯಸ್ಸಿನಲ್ಲಿ ಅಲ್ಲ, ಮೂರರಿಂದ ಆರರ ನಡುವೆ. ಅದೂ ಪಾಠದಿಂದಲ್ಲ, ಆಟದಿಂದ. ಸರಿಯಾಗಿ ಹೇಳಬೇಕೆಂದರೆ ಆಟ ಇಲ್ಲದ್ದರಿಂದ.

ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಕೂಸಿಗೆ ಮೂರು ತುಂಬಿದರೆ ಎರಡು ದಾರಿ. ಒಂದು, ಊರಿನ ಅಂಗನವಾಡಿ. ಅಲ್ಲಿ ಗೋಡೆಯ ಚಿತ್ರ, ಹಾಡು, ಎಣಿಕೆ ಸಾಮಾನ್ಯವಾಗಿ ಮರಾಠಿಯವು. ಇನ್ನೊಂದು, ಹಳದಿ ವ್ಯಾನಿನ ಇಂಗ್ಲಿಷ್ ನರ್ಸರಿ. ಅಲ್ಲಿ ಮೊದಲ ವಾರದಿಂದಲೇ ಎ ಬಿ ಸಿ ಡಿ. ಎರಡೂ ಕಡೆ ಮಗು ಚಪ್ಪಾಳೆ ತಟ್ಟುತ್ತದೆ, ಕುಣಿಯುತ್ತದೆ, ಗೆರೆಯ ಮೇಲೆ ಗೆರೆ ತಿದ್ದುತ್ತದೆ. ತನ್ನ ಮಾತಿನಲ್ಲಿ ಬಾಯಿ ಮಾತ್ರ ಬಿಡುವುದಿಲ್ಲ. ಅದನ್ನು ನೋಡಿ ದೊಡ್ಡವರು "ಭಾಳ ಶಾಣ್ಯಾ ಅದಾನ, ಗಪ್ಪ ಕೂಡತಾನ" ಅಂತ ಹೊಗಳುತ್ತಾರೆ! ಮೂರು ವರ್ಷದ ಕೂಸು ಮೂರು ತಾಸು ಗಪ್ಪ ಕೂತರೆ ಅದು ಶಾಣ್ಯಾತನ ಅಲ್ಲ. ಅದಕ್ಕೆ ಮಾತು ಸಿಕ್ಕಿಲ್ಲ ಅಷ್ಟೇ.

ಪಾಲಕರ ಪ್ರಶ್ನೆ ನಮಗೆ ಗೊತ್ತು. "ಆಡೋದು ಮನ್ಯಾಗೂ ಆಡತಾವು, ಅದಕ್ಕ ಸಾಲಿಗೆ ಯಾಕ ಕಳಸಬೇಕ್ರಿ?" ಪ್ರಶ್ನೆ ಸರಿಯಾದದ್ದೇ. ಆದರೆ ಇವತ್ತು ಮನೆಯಲ್ಲಿ ಮಗು ಆಡುವುದು ಯಾರ ಜೊತೆ? ಮೊದಲಿನಂತೆ ಹತ್ತು ಮಕ್ಕಳ ಮನೆ ಈಗ ಎಲ್ಲಿ ಉಳಿದಿದೆ? ಅಪ್ಪ ಅವ್ವ ಕಬ್ಬು ಕಡಿಯಲು ಹೋದರೆ ಅಜ್ಜಿಯ ಹತ್ತಿರ, ಇಲ್ಲದಿದ್ದರೆ ಮೊಬೈಲಿನ ಜೊತೆ. ಗುಂಪಿನ ಆಟ ಬೇರೆಯದೇ ಶಾಲೆ. ಹದಿನೈದು ಮಕ್ಕಳು ಸುತ್ತ ಕೂತಾಗ ತನ್ನ ಪಾಳಿ ಬರುವ ತನಕ ಕಾಯಬೇಕು, ಇನ್ನೊಬ್ಬರು ಹೇಳಿದ್ದನ್ನು ನೆನಪಿಡಬೇಕು, ಸೋತರೂ ಅಳದೆ ಮತ್ತೆ ಕೂಡಬೇಕು, ಜಗಳವಾದರೆ ಕೈ ಎತ್ತದೆ ಬಾಯಿಂದ ಬಗೆಹರಿಸಬೇಕು. ಒಂದನೇ ತರಗತಿಯಲ್ಲಿ ನಮಗೆ ಬೇಕಾದದ್ದು ಇಷ್ಟೇ. ಅಕ್ಷರ ನಾವು ಕಲಿಸಿಕೊಳ್ಳುತ್ತೇವೆ.

ಒಳಾಂಗಣ ಆಟ ಅಂದಕೂಡಲೇ ಪ್ಲಾಸ್ಟಿಕ್ ಜಾರುಬಂಡಿ, ಬಣ್ಣದ ಚೆಂಡುಗಳ ತೊಟ್ಟಿ ಕಣ್ಣ ಮುಂದೆ ತಂದುಕೊಳ್ಳಬೇಡಿ. ನಮ್ಮ ಕಡೆ ಒಳಗೆ ಆಡಿಸಬೇಕಾದದ್ದು ಬಿಸಿಲಿಗಾಗಿ. ಮಾರ್ಚ್ ದಾಟಿದ ಮೇಲೆ ಹತ್ತು ಗಂಟೆಗೇ ಅಂಗಳದಲ್ಲಿ ಕಾಲಿಡಲು ಆಗುವುದಿಲ್ಲ. ಇರುವುದು ಒಂದು ಖೋಲಿ, ಅದರ ಮೂಲೆಯಲ್ಲಿ ಆಹಾರದ ಚೀಲಗಳು. ಅಷ್ಟರಲ್ಲೇ ಆಗುವ ಆಟ ಬೇಕು.

ಕುರಿ-ತೋಳದ ಆಟವನ್ನೇ ನೋಡಿ. ಮಾಡಗ್ಯಾಳದ ಗಿಣಿಮೂಗಿನ ಕುರಿ ಎಲ್ಲ ಕಡೆ ಹೆಸರಾದ ತಳಿ, ನಮ್ಮ ಮಕ್ಕಳಿಗೆ ಅದು ಮನೆಯ ಹಿತ್ತಲಿನ ಪ್ರಾಣಿ. ಹಳೆಯ ಸೀರೆಯನ್ನು ನೆಲದ ಮೇಲೆ ಸುತ್ತು ಹಾಕಿದರೆ ಹಟ್ಟಿ ಆಯಿತು. ಒಳಗೆ ಕುರಿಗಳು, ಹೊರಗೆ ಒಂದು ತೋಳ, ಬಾಗಿಲಲ್ಲಿ ಕುರುಬ. ಓಡುವಂತಿಲ್ಲ, ಮೊಳಕಾಲ ಮೇಲೆಯೇ ಹರಿದಾಡಬೇಕು, ಖೋಲಿ ಸಣ್ಣದಲ್ಲವೇ! ತೋಳ ಕಣ್ಣು ಮುಚ್ಚಿದಾಗ ಒಂದು ಕುರಿಯನ್ನು ಕಂಬಳಿಯಲ್ಲಿ ಅಡಗಿಸಬೇಕು. ಕಣ್ಣು ತೆರೆದ ಮೇಲೆ ಯಾವ ಕುರಿ ಕಾಣುತ್ತಿಲ್ಲ ಅಂತ ತೋಳ ಹೇಳಬೇಕು. ಹೇಳಲಾಗದಿದ್ದರೆ ಕಂಬಳಿಯೊಳಗಿನ ಕುರಿ ಒಮ್ಮೆ ಬ್ಯಾ ಅನ್ನಬೇಕು, ದನಿಯಿಂದ ಗುರುತು ಹಿಡಿಯಬೇಕು. ಇದರಲ್ಲಿ ನೆನಪು ಇದೆ, ಎಣಿಕೆ ಇದೆ, ಕಿವಿಗೆ ಕೆಲಸ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಮಾತು ಇದೆ. ಯಾಕಂದರೆ ಕುರುಬನಾದ ಮಗು ಹೇಗೂ ಸುಮ್ಮನೆ ಇರುವುದಿಲ್ಲ, ಅಪ್ಪನ ಹಾಗೆ ಬೈಯುತ್ತದೆ! (ಆ ಬೈಗುಳ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ.)

ಹಾಗೆಯೇ ಚೀಲದ ಆಟ. ಚೀಲದಲ್ಲಿ ಗೋವಿನಜೋಳದ ದಿಂಡು, ದಾಳಿಂಬೆ, ತೆಂಗಿನ ಚಿಪ್ಪು, ಉಣ್ಣೆಯ ಉಂಡೆ. ನೋಡದೆ ಮುಟ್ಟಿ ಅದು ಹೇಗಿದೆ ಅಂತ ಹೇಳಬೇಕು, ಉಳಿದವರು ಹೆಸರು ಹೇಳಬೇಕು. ಒರಟು, ನುಣುಪು, ಮೆತ್ತಗೆ, ಗಟ್ಟಿ. ಈ ಮಾತುಗಳು ಯಾವ ಚಾರ್ಟಿನಿಂದಲೂ ಬರುವುದಿಲ್ಲ. ಒಂದು ಎಚ್ಚರಿಕೆ: ಹುಣಸೆ ಬೀಜ, ಗಜಗ, ಕವಡೆ ಇವನ್ನೆಲ್ಲ ಸಣ್ಣವರ ಕೈಗೆ ಕೊಡಬೇಡಿ. ಮೂಗಿಗೂ ಬಾಯಿಗೂ ಹೋಗುತ್ತವೆ. ಚೌಕಾಬಾರ ಆರು ದಾಟಿದವರಿಗೆ ಇರಲಿ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಆಟ ಯಾವ ಭಾಷೆಯಲ್ಲಾದರೇನು ಅನ್ನುವವರಿಗೆ ಎರಡು ಸಂಗತಿ. ಕನ್ನಡದಲ್ಲಿ "ಕೊಡು" ಬೇರೆ, "ಕೋಡು" ಬೇರೆ. ಮರಾಠಿಯ ಬರಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವೇ ಇಲ್ಲ. ನಮ್ಮ ಮಕ್ಕಳ ಕಿವಿಯಲ್ಲಿ ಆ ಭೇದ ಹುಟ್ಟಿನಿಂದಲೇ ಇದೆ, ಅದನ್ನು ಆಟದಿಂದ ಎಚ್ಚರಿಸಬೇಕು. ಬಾಯಿಯವರು "ಕೊಡು" ಅಂದರೆ ಕೈ ಚಾಚುವುದು, "ಕೋಡು" ಅಂದರೆ ತಲೆಯ ಮೇಲೆ ಎರಡು ಬೆರಳು ಇಡುವುದು. ತಪ್ಪಿದವರು ಮುಂದಿನ ಸಲ ತಾವೇ ಹೇಳಬೇಕು. ಇದನ್ನು ಆಡಿ ಬಂದ ಮಗುವಿಗೆ ಮುಂದೆ ಒತ್ತು, ದೀರ್ಘ ಕಲಿಸುವುದು ಎಷ್ಟು ಹಗುರ ಅಂತ ಒಂದನೇ ತರಗತಿ ನಡೆಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಎಣಿಕೆ. ಕನ್ನಡದ "ಇಪ್ಪತ್ತೊಂದು" ಇಪ್ಪತ್ತನ್ನು ಮೊದಲು ಹೇಳುತ್ತದೆ, ಮರಾಠಿಯ "ಏಕವೀಸ" ಒಂದನ್ನು ಮೊದಲು ಹೇಳುತ್ತದೆ. ಎರಡೂ ಸರಿಯೇ. ಆದರೆ ಒಂದೂ ಗಟ್ಟಿಯಾಗದೆ ಎರಡನ್ನೂ ಬೆರೆಸಿದರೆ ಮಗು 21 ಬರೆಯಬೇಕಾದಲ್ಲಿ 12 ಬರೆಯುತ್ತದೆ. ಆಮೇಲೆ "ಗಣಿತ ದಡ್ಡ" ಅಂತ ಹೆಸರು ಬೇರೆ!

ಇದು ಮರಾಠಿಯ ಮೇಲಿನ ಸಿಟ್ಟಲ್ಲ. ನಮ್ಮ ಮಕ್ಕಳು ಮರಾಠಿ ಕಲಿಯಬೇಕು, ಕಲಿಯುತ್ತಾರೆ, ಸಂತೆಯಲ್ಲೇ ಅರ್ಧ ಕಲಿತಿರುತ್ತಾರೆ. ನಾವು ಕೇಳುತ್ತಿರುವುದನ್ನು ಮಹಾರಾಷ್ಟ್ರದ ಹೆಣ್ಣುಮಗಳೇ ಮೊದಲು ಮಾಡಿ ತೋರಿಸಿದ್ದಾರೆ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿ ತೆರೆದರು, ಮುಂದೆ ಅನುತಾಯಿ ವಾಘ್ ಅವರೊಂದಿಗೆ ಕೋಸಬಾಡದಲ್ಲಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಕ್ಕಳು ಬರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದುಬಾರಿ ಮಾಂಟೆಸ್ಸರಿ ಸಾಮಾನಿನ ಬದಲು ಎಲೆ, ಕಲ್ಲು, ಚಿಪ್ಪು ಇವೇ ಅವರ ಆಟಿಕೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಯೋಜನೆಯ ಕೇಂದ್ರಗಳಿಗೂ ಅಂಗನವಾಡಿ ಎಂಬ ಹೆಸರೇ ಬಂತು. ಅಂಗಳ ಯಾರದೋ ಆಟವೂ ಅವರದೇ ಅನ್ನುವುದು ವಾರ್ಲಿ ಕೂಸಿಗೆ ಒಪ್ಪುವುದಾದರೆ ಉಮದಿಯ ಕೂಸಿಗೆ ಯಾಕೆ ಒಪ್ಪುವುದಿಲ್ಲ?

ಕಾಗದದಲ್ಲಿ ಎಲ್ಲವೂ ಇದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಅನ್ನುತ್ತದೆ, 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮನೆಮಾತು ಮತ್ತು ಆಟ ಎರಡನ್ನೂ ಒತ್ತಿ ಹೇಳುತ್ತದೆ. ಆದರೆ ತೂತು ಎಲ್ಲಿದೆ ನೋಡಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಬೇಕೆನ್ನುವ ಸಂವಿಧಾನದ 350ಎ ವಿಧಿ (1956ರಲ್ಲಿ ಸೇರಿದ್ದು) ಹೇಳುವುದು ಪ್ರಾಥಮಿಕ ಹಂತದ ಬಗ್ಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರು ವರ್ಷದಿಂದ ಶುರು, ಮೂರರಿಂದ ಆರರವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಅನ್ನುತ್ತದೆ, ಮಾಡಲೇಬೇಕು ಅನ್ನುವುದಿಲ್ಲ. ಕೂಸು ಬೀಳುವುದು ಈ ತೂತಿನಲ್ಲೇ.

2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಹೆಸರೆತ್ತಿದಾಗ ಎರಡೂ ರಾಜ್ಯಗಳಲ್ಲಿ ಎಷ್ಟು ಗದ್ದಲ! ಗಡಿ ಎಲ್ಲಿ ಹೋಗಬೇಕು ಅಂತ ವಾದಿಸುವವರು ಸಾವಿರ ಜನ. ಗಡಿಯೊಳಗಿನ ಖೋಲಿಯಲ್ಲಿ ಮಗು ಏನು ಆಡುತ್ತಿದೆ ಅಂತ ಇಣುಕಿ ನೋಡುವವರು ಯಾರೂ ಕಾಣಲಿಲ್ಲ. ಆ ಕಡೆಯಿಂದ ಗಡಿ ಕನ್ನಡಿಗರಿಗೆ ಅನುದಾನ ಬರುವುದಾದರೆ ಅದು ಬರೀ ಕಮಾನು, ರಂಗಮಂದಿರಕ್ಕೆ ಹೋಗಬಾರದು. ಕನ್ನಡ ಸೂಚನೆಗಳಿರುವ ಒಂದು ಆಟದ ಪೆಟ್ಟಿಗೆ ಪ್ರತಿ ಅಂಗನವಾಡಿಗೆ ಸಿಗಲಿ.

ಸೇವಿಕೆಯರನ್ನು ದೂರಬೇಡಿ. ಅವರು ಆಯಾ ಊರಿನವರೇ, ಹೆಚ್ಚಿನವರ ಮನೆಮಾತೂ ಕನ್ನಡವೇ. ಪೋಷಣೆಯ ಲೆಕ್ಕ, ತೂಕ, ಮೊಬೈಲಿಗೆ ತುಂಬುವ ಮಾಹಿತಿ ಮುಗಿಯುವ ಹೊತ್ತಿಗೆ ಅವರ ದಿನವೇ ಮುಗಿದಿರುತ್ತದೆ. ಅವರಿಗೆ ಬೇಕಾದದ್ದು "ಕನ್ನಡದಾಗ ಆಡಸ್ರಿ, ನಾವು ಅದೀವಿ" ಅನ್ನುವ ಒಂದು ಮಾತು. ಆ ಮಾತು ಶಾಲಾ ವ್ಯವಸ್ಥಾಪನ ಸಮಿತಿಯಿಂದ ಠರಾವಾಗಿ ಬರೆದು ಹೋಗಬೇಕು: ದಿನಕ್ಕೆ ಒಂದು ತಾಸು ಮನೆಮಾತಿನಲ್ಲಿ ಗುಂಪಿನ ಆಟ, ಐದು ತುಂಬುವ ತನಕ ಪಾಟಿ ಇಲ್ಲ. ವಾರಕ್ಕೆರಡು ದಿನ ಊರಿನ ಅಜ್ಜಿಯರು ಪಾಳಿಯ ಮೇಲೆ ಬಂದು ಕೂಡಲಿ. ಬರುವಾಗ ಒಂದು ಹಳೆಯ ಸೀರೆ, ನಾಲ್ಕು ಗೋವಿನಜೋಳದ ದಿಂಡು ತರಲು ಹೇಳಿ.