ಹೆಸರಿಗಾಗಿ ಕಾದ ಕಬ್ಬಿಣದ ಬಸವನಹುಳು

ಮಳೆಗಾಲದಲ್ಲಿ ಹಿತ್ತಿಲ ಗೋಡೆ ಏರುವ ಬಸವನಹುಳುವಿಗೆ ಬೆನ್ನ ಮೇಲಿನ ಶಂಖವೇ ಮನೆ, ಅದೇ ಕೋಟೆ. ಅಪಾಯ ಬಂದರೆ ಮೈಯನ್ನು ಒಳಗೆ ಎಳೆದುಕೊಂಡರಾಯಿತು. ಆದರೆ ಹಿಂದೂ ಮಹಾಸಾಗರದ ತಳದಲ್ಲಿ ಅದರ ದೂರದ ನೆಂಟನೊಬ್ಬನಿದ್ದಾನೆ. ಅವನ ಕಾಲಿಗೂ ಕವಚವಿದೆ, ಅದೂ ಕಬ್ಬಿಣದ್ದು!

2001ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಸುಮಾರು 2,400 ಮೀಟರ್ ಆಳದಲ್ಲಿರುವ 'ಕೈರೇ' ಎಂಬ ತಾಣವನ್ನು ಪರಿಶೀಲಿಸುತ್ತಿತ್ತು. ಬಿಸಿಲು ಅಲ್ಲಿಗೆ ತಲುಪುವುದಿಲ್ಲ. ನೆಲದ ಬಿರುಕುಗಳಿಂದ ಖನಿಜ ತುಂಬಿದ ಬಿಸಿನೀರು ಕಪ್ಪು ಹೊಗೆಯಂತೆ ಉಕ್ಕುತ್ತಿರುತ್ತದೆ. ಅಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಗಾತ್ರದ ಈ ಬಸವನಹುಳು ಸಿಕ್ಕಿತು. ಅದರ ಕಾಲಿನ ತುಂಬ ಚಿಪ್ಪುಹಂದಿಯ ಮೈಮೇಲಿನಂತೆ ಒಂದರ ಮೇಲೊಂದು ಹೊದ್ದ ಹುರುಪೆಗಳು. ಅವುಗಳ ಮೇಲೂ ಶಂಖದ ಹೊರಪದರದಲ್ಲೂ ಕಬ್ಬಿಣದ ಸಲ್ಫೈಡಿನ ಲೇಪ. ಇದರ ಊಟದ ಏರ್ಪಾಡೂ ವಿಚಿತ್ರ. ಅನ್ನನಾಳಕ್ಕೆ ಅಂಟಿದ ದೊಡ್ಡ ಗ್ರಂಥಿಯೊಳಗೆ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿದೆ. ಅವು ರಾಸಾಯನಿಕಗಳಿಂದ ಅಡುಗೆ ಮಾಡುತ್ತವೆ, ಇದು ಉಣ್ಣುತ್ತದೆ.

2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸುದ್ದಿ ಪ್ರಕಟವಾಯಿತು. ಜಗತ್ತು ಬೆರಗಾಯಿತು. ಆದರೆ ಈ ಜೀವಿಗೆ ಅಧಿಕೃತ ಹೆಸರೇ ಇರಲಿಲ್ಲ.

ಹೆಸರಿಡುವುದೇನು ಮಹಾ ಕಷ್ಟ ಎಂದು ಮಕ್ಕಳು ಕೇಳಬಹುದು. ಹೆಸರು ಹೇಳಿದರಷ್ಟೇ ಸಾಲದು, ಜೀವಿಯ ಪೂರ್ತಿ ವಿವರಣೆ ಪ್ರಕಟವಾಗಬೇಕು. ಒಂದು ಮಾದರಿಯನ್ನು ಆರಿಸಿ 'ಇದೇ ಪ್ರಮಾಣ' ಎಂದು ಘೋಷಿಸಬೇಕು. ಇದಕ್ಕೆ ಹೋಲೋಟೈಪ್ ಎನ್ನುತ್ತಾರೆ. ಮುಂದೆ ಯಾರಿಗೇ ಅನುಮಾನ ಬಂದರೂ ಅದನ್ನೇ ನೋಡಬೇಕು. ಶಂಖದ ಸುರುಳಿಗಳನ್ನು ಅಳೆಯಬೇಕು. ನಾಲಿಗೆಯಂಥ ಪಟ್ಟಿಯ ಮೇಲಿನ ಸೂಕ್ಷ್ಮ ಹಲ್ಲುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಳಗಿನ ಅಂಗಾಂಗಗಳನ್ನು ಪರೀಕ್ಷಿಸಬೇಕು. ಗೊತ್ತಿರುವ ನೆಂಟರೊಂದಿಗೆಲ್ಲ ಹೋಲಿಸಿ, ಇದು ಅವುಗಳಲ್ಲಿ ಒಂದಲ್ಲ ಎಂದು ತೋರಿಸಬೇಕು. ಹೀಗಾಗಿಯೇ, ಹೊಸ ಜೀವಿಯೊಂದು ಸಂಗ್ರಹಾಲಯ ಸೇರಿದ ಮೇಲೆ ಹೆಸರು ಪಡೆಯಲು ಸರಾಸರಿ 21 ವರ್ಷ ಕಾಯುತ್ತದೆಂದು 2012ರ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಕಬ್ಬಿಣದ ಬಸವನಹುಳು ಕಾದದ್ದು 14 ವರ್ಷ. 2011ರಲ್ಲಿ ಬ್ರಿಟನ್ನಿನ 'ಜೇಮ್ಸ್ ಕುಕ್' ಸಂಶೋಧನಾ ಹಡಗಿನವರಿಗೆ ಲೋಂಗ್‌ಚಿ ಎಂಬ ಇನ್ನೊಂದು ತಾಣದಲ್ಲೂ ಇದು ಸಿಕ್ಕಿತು. 2015ರಲ್ಲಿ ಚೊಂಗ್ ಚೆನ್, ಕಾಟ್ರಿನ್ ಲಿನ್ಸೆ, ಜೊನಾಥನ್ ಕಾಪ್ಲಿ ಮತ್ತು ಅಲೆಕ್ಸ್ ರೋಜರ್ಸ್ ವಿವರಣೆ ಪ್ರಕಟಿಸಿದರು. ಹೆಸರು ಕ್ರೈಸೊಮ್ಯಾಲನ್ ಸ್ಕ್ವಾಮಿಫೆರಮ್. ಮೊದಲ ಪದದಲ್ಲಿ ಚಿನ್ನದ ಕೂದಲಿನ ಸೂಚನೆಯಿದೆ. ಎರಡನೆಯದರ ಅರ್ಥ, ಹುರುಪೆ ಹೊತ್ತದ್ದು.

ಹೆಸರು ಬಂದದ್ದರಿಂದ ಆದ ಲಾಭವೇನು? ಈ ಬಿಸಿನೀರ ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನದಂಥ ಲೋಹಗಳು ಶೇಖರವಾಗಿರುತ್ತವೆ. ಅವುಗಳ ಮೇಲೆ ಹಲವು ದೇಶಗಳ ಕಣ್ಣಿದೆ. ಭಾರತವೂ 2016ರಲ್ಲಿ ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರಿನಲ್ಲಿ ಇಂಥ ಖನಿಜಗಳನ್ನು ಹುಡುಕಲು ಒಪ್ಪಂದ ಮಾಡಿಕೊಂಡಿತು. ಅದು ಹುಡುಕಾಟಕ್ಕೆ ಮಾತ್ರ, ಗಣಿಗಾರಿಕೆಗಲ್ಲ. ಬಸವನಹುಳುವಿನದಾದರೋ ತೀರಾ ಚಿಕ್ಕ ಆಸ್ತಿ. ಆಗ ಗೊತ್ತಿದ್ದ ಮೂರು ತಾಣಗಳನ್ನು ಕೂಡಿಸಿದರೂ ಸುಮಾರು 0.02 ಚದರ ಕಿಲೋಮೀಟರ್, ಅಂದರೆ ಐದು ಎಕರೆ! ಅವುಗಳಲ್ಲಿ ಕೈರೇ ಮತ್ತು ಲೋಂಗ್‌ಚಿ ಎರಡೂ ಖನಿಜ ಶೋಧನೆಯ ಪರವಾನಗಿ ಕೊಟ್ಟ ಪ್ರದೇಶದಲ್ಲಿದ್ದವು. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಆಳಸಮುದ್ರದ ಗಣಿಗಾರಿಕೆಯ ಭೀತಿಯಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಇದು.

ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಗು ಒಂದು ದಿನ ಬಾರದಿದ್ದರೆ ಯಾರೂ ಕೇಳುವುದಿಲ್ಲ. ಕಡಲಾಳದ ಎಷ್ಟೋ ಪುಟ್ಟ ಜೀವಿಗಳ ಹೆಸರು ಇನ್ನೂ ಆ ಪುಸ್ತಕಕ್ಕೆ ಏರಿಲ್ಲ. ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕೂತು ಅವನ್ನು ಬರೆದಿಡುವವರು ಬೇಕಾಗಿದ್ದಾರೆ.